ಫಾರ್ಮ್ಯಾಟ್ ಮಾಡಿ ನೋಡಿ...

ನಮ್ಮ ಸಾಫ್ಟ್‌ವೇರ್ ಜನರ ಬಾಯಲ್ಲಿ ಎರಡು ಉತ್ತರ ಸದಾ ರೆಡಿ ಇರುತ್ತೆ. ಒಂದು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ". ಇನ್ನೊಂದು, "ಫಾರ್ಮ್ಯಾಟ್ ಮಾಡಿ ನೋಡಿ". ಮೊದಲನೆಯದರಿಂದ ಯಾರ ಗಂಟೂ ಹೋಗಲ್ಲ. ಎರಡನೆಯದನ್ನು ಮಾತ್ರ ಇನ್ನು ಮುಂದೆ ಹಾಗೆ ನಿಂತ ನಿಲುವಿನಲ್ಲಿ ಯಾರಿಗೂ ಹೇಳಬಾರದು ಅಂತ ತೀರ್ಮಾನ ಮಾಡಿದ್ದೀನಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬಳಸಿ ಬರಬೇಕು, ಸಹಿಸಿಕೊಳ್ಳಿ.

ನಾನೀಗ ಕೆಲಸ ಮಾಡ್ತಿರೋದು ಜರ್ಮನಿಯಲ್ಲಿ. ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಒಬ್ಬರಿದ್ದಾರೆ, ಐವತ್ತು ದಾಟಿದವರು, ನಮ್ಮಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. (ನಮ್ಮ ಆಫೀಸಿನಲ್ಲಿ ಬಾಸ್‌ನಿಂದ ಹಿಡಿದು ಎಲ್ಲರನ್ನೂ ಹೆಸರಿನಿಂದಲೇ ಕರೀಬೇಕು. ಮೂರು ವರ್ಷ ಆದ್ರೂ ಇವರನ್ನು ಹಾಗೆ ಕರೆಯುವಾಗ ನನ್ನ ನಾಲಿಗೆ ಒಂದ್ಸಲ ತಡವರಿಸುತ್ತೆ.) ಒಂದು ದಿನ ಕಾಫಿ ಮಷೀನ್ ಹತ್ತಿರ ಸಿಕ್ಕರು. ಹುಟ್ಟುಹಬ್ಬಕ್ಕೆ ಮಗಳು ಕಮೊಡೋರ್ 64ರ ರೆಪ್ಲಿಕಾ ಒಂದನ್ನು ಕೊಡಿಸಿದ್ದಾಳೆ, ಅದರೊಳಗಿನ ಆಟಗಳೆಲ್ಲ ಚೆನ್ನಾಗೇ ನಡೀತಿವೆ, ಆದರೆ ಪೆನ್ ಡ್ರೈವ್ ಹಾಕಿದರೆ ಏನೂ ಕಾಣಿಸಲ್ಲ ಅಂದರು. ನಾನು ಕಪ್ಪಿಗೆ ಹಾಲು ಹಾಕಿಕೊಳ್ತಾ, ತಿರುಗಿಯೂ ನೋಡದೆ, "ಫಾರ್ಮ್ಯಾಟ್ ಮಾಡಿ ನೋಡಿ" ಅಂದೆ.

ಅವರು ಮಾಡಲಿಲ್ಲ. ಆ ಒಂದು ಕಾರಣಕ್ಕೆ ಇವತ್ತು ನಾನು ಇದನ್ನು ಸಮಾಧಾನವಾಗಿ ಕೂತು ಬರೀತಿದ್ದೀನಿ.

ಕಮೊಡೋರ್ 64 ಅಂದರೆ ನಮ್ಮ ಕಡೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1982ರಲ್ಲಿ ಅಮೆರಿಕದಲ್ಲಿ ಬಂದ ಮನೆ ಕಂಪ್ಯೂಟರ್. ಕೀಬೋರ್ಡ್ ಒಳಗೇ ಇಡೀ ಕಂಪ್ಯೂಟರು, ಟಿವಿಗೆ ಜೋಡಿಸಿಕೊಂಡರೆ ಆಯ್ತು. 64 ಕೆಬಿ ಮೆಮೊರಿ, ಆನ್ ಮಾಡಿದರೆ ನೀಲಿ ಪರದೆ ಮೇಲೆ ಬೇಸಿಕ್‌ಗೆ 38911 ಬೈಟ್ ಖಾಲಿ ಇದೆ ಅಂತ ತೋರಿಸುತ್ತೆ. ಜರ್ಮನಿಯಲ್ಲಿ ಅದು ಸಿಕ್ಕಾಪಟ್ಟೆ ಮಾರಾಟ ಆಗಿತ್ತು. ಬ್ರೌನ್‌ಶ್ವೈಗ್ ಊರಿನಲ್ಲಿ ಅದರದ್ದೇ ಫ್ಯಾಕ್ಟರಿ ಇತ್ತು. ಜನ ಅದನ್ನು ಪ್ರೀತಿಯಿಂದ ಬ್ರೋಟ್‌ಕಾಸ್ಟನ್ ಅಂತಿದ್ದರು, ಅಂದರೆ ಬ್ರೆಡ್ಡಿನ ಡಬ್ಬ. ಆಕಾರ ನೋಡಿದರೆ ಹೌದು ಅನ್ನಿಸುತ್ತೆ. ಅದೇ ಕಾಲದಲ್ಲಿ, 1984ರ ಹೊತ್ತಿಗೆ, ನಮ್ಮ ದೇಶದ ಕೆಲವು ಶಾಲೆಗಳಿಗೆ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಬಂದದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ. ಹಾಗಾಗಿ ನಮ್ಮಲ್ಲಿ ಹಳಬರು ಯಾರಾದರೂ ಮೊದಲ ಕಂಪ್ಯೂಟರ್ ನೆನಪು ಮಾಡಿಕೊಂಡರೆ ಆ ಹೆಸರು ಬರಬಹುದು, ಕಮೊಡೋರ್ ಹೆಸರು ಬರೋದು ಅಪರೂಪ. ನಾನು ಹುಟ್ಟುವ ಹೊತ್ತಿಗಂತೂ ಆ ಕಂಪನಿಯೇ ಮುಳುಗಿ ಹೋಗಿತ್ತು (1994ರಲ್ಲಿ).

ಈಗ ಸಿಗೋ ರೆಪ್ಲಿಕಾಗಳಲ್ಲಿ ಹಲವು ನೋಡೋಕೆ ಮಾತ್ರ ಹಳೇ ಡಬ್ಬ. ಒಳಗಿರೋದು ಮೊಬೈಲಿನಲ್ಲಿರುವಂಥ ಒಂದು ಎಆರ್‌ಎಂ ಚಿಪ್, ಅದರ ಮೇಲೆ ಲಿನಕ್ಸ್, ಅದರ ಮೇಲೆ ಹಳೇ ಕಂಪ್ಯೂಟರಿನ ಹಾಗೆ ನಟಿಸೋ ಎಮ್ಯುಲೇಟರ್. ಫ್ಲಾಪಿ ಬದಲು ಯುಎಸ್‌ಬಿ ಪೆನ್ ಡ್ರೈವ್. ನಮ್ಮವರ ಡಬ್ಬ ಯಾವ ಕಂಪನಿಯದ್ದು ಅಂತ ಹೇಳೋಕೆ ಹೋಗಲ್ಲ. ಕಾರಿನ ಸ್ಟೀರಿಯೋ, ಟಿವಿ, ಜೆರಾಕ್ಸ್ ಅಂಗಡಿಯ ಪ್ರಿಂಟರ್ ಎಲ್ಲದರದ್ದೂ ಇದೇ ಕತೆ, ಒಬ್ಬರನ್ನೇ ಹಿಡಿದು ಬೈದರೆ ನ್ಯಾಯ ಅಲ್ಲ.

ಮಾರನೇ ದಿನ ಅವರು ಡಬ್ಬ, ಪೆನ್ ಡ್ರೈವ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದರು. "ನೀನು ಹೇಳಿದ್ದು ಮಾಡಬೇಕು ಅಂತ ಕೂತೆ. ಎಲ್ಲಾ ಅಳಿಸಿ ಹೋಗುತ್ತೆ ಅಂತ ಬಂತು. ಭಯ ಆಯ್ತು, ಬಿಟ್ಟೆ" ಅಂದರು. ಅದರಲ್ಲೇನಿದೆ ಅಂತ ಆಗ ಕೇಳಿದೆ. (ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ!)

ಅವರ ಹತ್ತಿರ ಹುಡುಗನಾಗಿದ್ದ ಕಾಲದ ಹನ್ನೊಂದು ಫ್ಲಾಪಿ ಇದ್ದವಂತೆ. ಪರಿಚಯದವರೊಬ್ಬರು ಹಳೇ 1541 ಡ್ರೈವನ್ನು ಜೂಮ್‌ಫ್ಲಾಪಿ ಅನ್ನೋ ಸಣ್ಣ ಬೋರ್ಡಿನ ಮೂಲಕ ಪಿಸಿಗೆ ಜೋಡಿಸಿ, ಒಂದೊಂದನ್ನೇ ಓದಿಸಿ, ಫೈಲ್ ಮಾಡಿಕೊಟ್ಟಿದ್ದಾರೆ. ಎರಡು ಓದೋಕೇ ಆಗಲಿಲ್ಲ. ಉಳಿದ ಒಂಬತ್ತು ಈ ಪೆನ್ ಡ್ರೈವ್‌ನಲ್ಲಿವೆ. ಫ್ಲಾಪಿಗಳು? "ಕೆಲಸ ಮುಗೀತಲ್ಲ, ಎಸೆದುಬಿಟ್ಟೆ" ಅಂದರು. ಬೇರೆ ಎಲ್ಲಾದರೂ ಕಾಪಿ? ಇಲ್ಲ.

ಬೆನ್ನಲ್ಲಿ ಚಳಿ ಬಂತು ಕಣ್ರೀ. ಒಂಬತ್ತು ಫ್ಲಾಪಿ, ಇಡೀ ಭೂಮಿ ಮೇಲೆ ಇರೋದು ಒಂದೇ ಪ್ರತಿ, ನಾನು ಹಾಲು ಹಾಕಿಕೊಳ್ತಾ ಫಾರ್ಮ್ಯಾಟ್ ಮಾಡಿ ಅಂದಿದ್ದೆ.

ಮೊದಲು ಅಷ್ಟನ್ನೂ ನನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಅವರಿಗೆ ಮೇಲ್ ಕೂಡ ಮಾಡಿದೆ. 1541ರ ಒಂದು ಫ್ಲಾಪಿ ಮುಖ ಅಂದರೆ 35 ಟ್ರ್ಯಾಕು, 683 ಸೆಕ್ಟರು, ಸೆಕ್ಟರಿಗೆ 256 ಬೈಟು. ಒಟ್ಟು 1,74,848 ಬೈಟ್. ಒಂಬತ್ತೂ ಸೇರಿ ಒಂದೂವರೆ ಎಂಬಿ ಚಿಲ್ಲರೆ, ಮೇಲ್‌ನಲ್ಲಿ ಆರಾಮಾಗಿ ಹೋಯ್ತು. ಪೆನ್ ಡ್ರೈವ್ ಇದ್ದದ್ದು 64 ಜಿಬಿಯದ್ದು. ಲೆಕ್ಕ ಹಾಕಿ ನೋಡಿದರೆ ಅಂಥ ಮೂರೂವರೆ ಲಕ್ಷಕ್ಕೂ ಹೆಚ್ಚು ಫ್ಲಾಪಿ ಅದರಲ್ಲಿ ಹಿಡಿಸುತ್ತೆ. ತಮಾಷೆ ಅಂದರೆ ತೊಂದರೆ ಆಗಿದ್ದು ಆ ದೊಡ್ಡತನದಿಂದಲೇ.

32 ಜಿಬಿಗಿಂತ ದೊಡ್ಡ ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ ಬರುತ್ತವೆ. ಅದು 2006ರದ್ದು. ಡಬ್ಬಕ್ಕೆ ಗೊತ್ತಿರೋದು ಅದಕ್ಕಿಂತ ಹತ್ತು ವರ್ಷ ಹಳೆಯ ಫ್ಯಾಟ್32, ಅಂದರೆ 1996ರಲ್ಲಿ ವಿಂಡೋಸ್ 95ರ ಎರಡನೇ ಆವೃತ್ತಿಯ ಜೊತೆ ಬಂದದ್ದು. ಕೈಪಿಡಿಯಲ್ಲೂ ಫ್ಯಾಟ್32 ಅಂತ ಬರೆದಿದೆ, ಓದದೇ ಸಲಹೆ ಕೊಟ್ಟವನು ನಾನು. ಹೊಸದನ್ನು ಯಾಕೆ ಸೇರಿಸಲ್ಲ ಅಂತ ಕೇಳಬಹುದು. ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಬಹಿರಂಗ ಮಾಡಿದ್ದೇ 2019ರ ಆಗಸ್ಟ್‌ನಲ್ಲಿ. ಲಿನಕ್ಸ್ ಕರ್ನೆಲ್‌ಗೆ ಅದು ಅರೆಬರೆಯಾಗಿ ಸೇರಿದ್ದು ಅದೇ ವರ್ಷದ ಕೊನೆಗೆ, 5.4ರಲ್ಲಿ. ಸರಿಯಾದ ಡ್ರೈವರ್ ಬಂದದ್ದು 2020ರ 5.7ರಲ್ಲಿ. ಅದಕ್ಕೂ ಹಳೆಯ ಕರ್ನೆಲ್ ಇಟ್ಟುಕೊಂಡು ಮಾಡಿದ ಡಬ್ಬಗಳಿಗೆ ಅದರ ಗುರುತೇ ಇರೋದಿಲ್ಲ. ಅಲ್ಲಿಯವರೆಗೆ ಲೈಸೆನ್ಸ್ ದುಡ್ಡಿನ ಪ್ರಶ್ನೆಯೂ ಇತ್ತು. ಇಷ್ಟು ಮಟ್ಟಿಗೆ ಡಬ್ಬ ಮಾಡಿದವರ ಕಷ್ಟ ನನಗೆ ಅರ್ಥ ಆಗುತ್ತೆ.

ಅಂದರೆ ಆ ದಿನ ಅವರು ನನ್ನ ಮಾತು ಕೇಳಿ ಫಾರ್ಮ್ಯಾಟ್ ಮಾಡಿದ್ದರೂ ಡಬ್ಬ ಓದ್ತಿರಲಿಲ್ಲ! ಅವರ ಮನೆಯ ಕಂಪ್ಯೂಟರಿನ ಫಾರ್ಮ್ಯಾಟ್ ಕಿಟಕಿ 64 ಜಿಬಿಗೆ ಫ್ಯಾಟ್32 ಅನ್ನೋ ಆಯ್ಕೆಯನ್ನೇ ತೋರಿಸ್ತಿರಲಿಲ್ಲ. ಮತ್ತೆ ಎಕ್ಸ್‌ಫ್ಯಾಟೇ ಆಗಿರೋದು. ಫೈಲೂ ಹೋಯ್ತು, ಕೆಲಸವೂ ಆಗಲಿಲ್ಲ.

ಈ 32 ಜಿಬಿ ಮಿತಿಯ ಹುಟ್ಟು ಇನ್ನೂ ಸ್ವಾರಸ್ಯ. ಫ್ಯಾಟ್32ಗೆ ಅದು ಹುಟ್ಟಿನಿಂದ ಬಂದ ಮಿತಿ ಅಲ್ಲವೇ ಅಲ್ಲ, 2 ಟಿಬಿ ತನಕ ಸಲೀಸಾಗಿ ಹೋಗುತ್ತೆ. ಮೈಕ್ರೋಸಾಫ್ಟ್‌ನಲ್ಲಿ ಆ ಫಾರ್ಮ್ಯಾಟ್ ಕಿಟಕಿಯನ್ನು ಬರೆದ ಡೇವ್ ಪ್ಲಮರ್ ಅವರೇ 2024ರಲ್ಲಿ ಹೇಳಿಕೊಂಡಿದ್ದಾರೆ. 1994ರ ಕೊನೆಯಲ್ಲಿ ಒಂದು ಮಳೆಗಾಲದ ಬೆಳಿಗ್ಗೆ, ಮುಂದೆ ಇನ್ನೊಂದು ಚಂದದ್ದು ಬರುತ್ತೆ, ಅಲ್ಲಿ ತನಕ ಇದಿರಲಿ ಅಂತ ಬರೆದ ಕಿಟಕಿ ಅದು. ಕ್ಲಸ್ಟರ್‌ಗಳಲ್ಲಿ ಎಷ್ಟು ಜಾಗ ದಂಡವಾದರೆ ಪರವಾಗಿಲ್ಲ ಅಂತ ಯೋಚಿಸಿ ಆ ಮಿತಿಯನ್ನೂ ಅವತ್ತೇ ನಿಗದಿ ಮಾಡಿದ್ದಂತೆ. ಚಂದದ್ದು ಬರಲೇ ಇಲ್ಲ. ಮೂವತ್ತು ವರ್ಷ ಆದಮೇಲೆ, 2024ರ ಆಗಸ್ಟ್‌ನಲ್ಲಿ, ವಿಂಡೋಸ್ 11ರ ಪರೀಕ್ಷಾ ಆವೃತ್ತಿಯೊಂದರಲ್ಲಿ ಕಮ್ಯಾಂಡ್ ಲೈನಿನಿಂದ ಫಾರ್ಮ್ಯಾಟ್ ಮಾಡಿದರೆ 2 ಟಿಬಿ ತನಕ ಬಿಡುವ ಹಾಗೆ ಮಾಡಿದರು. ಕಮ್ಯಾಂಡ್ ಲೈನಿನಿಂದ, ಗಮನಿಸಿ. ಅಕೌಂಟ್ಸ್ ವಿಭಾಗದವರು ಅಲ್ಲಿಗೆ ಹೋಗಲ್ಲ.

ನಾನು ಪ್ಲಮರ್ ಅವರನ್ನು ಬೈಯಲ್ಲ. ಸದ್ಯಕ್ಕೆ ಇಷ್ಟಿರಲಿ ಅಂತ ನಾನು ಬರೆದ ಕೋಡು ನಮ್ಮ ಪ್ರಾಜೆಕ್ಟಿನಲ್ಲಿ ಈಗ್ಲೂ ಓಡ್ತಿದೆ. ಅದನ್ನು ಬರೆದ ದಿನ ಮಳೆ ಇತ್ತೋ ಬಿಸಿಲಿತ್ತೋ ನೆನಪಿಲ್ಲ :-)

ಸರಿ, ಅವರ ಪೆನ್ ಡ್ರೈವ್ ಮುಟ್ಟೋದೇ ಬೇಡ ಅಂತ ನನ್ನ ಬ್ಯಾಗಿನಲ್ಲಿದ್ದ 16 ಜಿಬಿಯದ್ದು ತೆಗೆದೆ. ಅದು ಫ್ಯಾಟ್32ವೇ. ಒಂಬತ್ತು ಫೈಲ್ ಹಾಕಿದೆ, ಡಬ್ಬಕ್ಕೆ ಚುಚ್ಚಿದೆ, ಗೆದ್ದವನ ಹಾಗೆ ಅವರ ಮುಖ ನೋಡಿದೆ.

ಏನೂ ಇಲ್ಲ. ಖಾಲಿ ಪಟ್ಟಿ.

ಅವರು ನಕ್ಕರು. "ನಾನು ಹದಿಮೂರು ವರ್ಷಕ್ಕೆ ಇದರಲ್ಲಿ ಪ್ರೋಗ್ರಾಂ ಬರೀತಿದ್ದೆ. ಈಗ ನನಗೆ ಕಂಪ್ಯೂಟರ್ ಮುಟ್ಟುವ ವಯಸ್ಸು ಮೀರಿಹೋಯ್ತು ಅಂತ ನಿನ್ನೆ ರಾತ್ರಿ ಅನ್ನಿಸಿತ್ತು. ನಿನಗೂ ಆಗ್ತಿಲ್ಲ ಅಂತ ನೋಡಿ ಸಮಾಧಾನ ಆಯ್ತು" ಅಂದರು. ನಗು ಬಂದರೂ ಆ ಮಾತು ನನಗೆ ನಾಟಿತು. ಪಟ್ಟಿ ಖಾಲಿ ತೋರಿಸಿದ್ದು ಡಬ್ಬ, ತಪ್ಪು ತಮ್ಮದು ಅಂದುಕೊಂಡವರು ಅವರು. ನಮ್ಮಮ್ಮನೂ ಹಾಗೇ. ಫೋನಿನಲ್ಲಿ ಏನಾದರೂ ಕೈಕೊಟ್ಟರೆ "ನಾನೇ ಏನೋ ಒತ್ತಿಬಿಟ್ಟೆ ಕಣೋ" ಅಂತಾರೆ. ಹತ್ತರಲ್ಲಿ ಒಂಬತ್ತು ಸಲ ಅಮ್ಮ ಏನೂ ಒತ್ತಿರಲ್ಲ.

ಆಮೇಲೆ ಅವರು 1541ರ ಒಂದು ವಿಷಯ ಹೇಳಿದರು. ಹೋಗಿ ಓದಿ ನೋಡಿದೆ, ನಿಜ. ಅದು ಬರೀ ಫ್ಲಾಪಿ ಡ್ರೈವ್ ಅಲ್ಲ, ಅದರೊಳಗೇ ತನ್ನದೇ 6502 ಪ್ರೊಸೆಸರು, 2 ಕೆಬಿ ಮೆಮೊರಿ ಇರೋ ಪುಟ್ಟ ಕಂಪ್ಯೂಟರು. ನಿಧಾನಕ್ಕೆ ಹೆಸರುವಾಸಿ, ಆಟ ಲೋಡ್ ಮಾಡೋಕೆ ಹಾಕಿ ಕಾಫಿ ಕುಡಿದು ಬರಬಹುದಿತ್ತು. ಆದರೆ ಏನಾದರೂ ತಪ್ಪಾದರೆ ಅದರ ಕೆಂಪು ದೀಪ ಮಿನುಗೋಕೆ ಶುರು. ಆಗ ಹದಿನೈದನೇ ಚಾನೆಲ್ ತೆರೆದು ಮೂರು ಸಾಲಿನ ಬೇಸಿಕ್ ಬರೆದು ಕೇಳಿದರೆ ಡ್ರೈವು ನಾಲ್ಕು ಸಂಗತಿ ಹೇಳ್ತಿತ್ತು: ತಪ್ಪಿನ ಸಂಖ್ಯೆ, ತಪ್ಪೇನು ಅಂತ ಮಾತಿನಲ್ಲಿ, ಯಾವ ಟ್ರ್ಯಾಕು, ಯಾವ ಸೆಕ್ಟರು. 62 ಅಂದರೆ ಫೈಲ್ ಸಿಗಲಿಲ್ಲ. 26 ಅಂದರೆ ಡಿಸ್ಕಿಗೆ ಬರೆಯದಂತೆ ಪಟ್ಟಿ ಅಂಟಿಸಿದ್ದೀರಿ. 21 ಅಂದರೆ ಗುರುತೇ ಸಿಗ್ತಿಲ್ಲ, ಡಿಸ್ಕ್ ಸರಿಯಾಗಿ ಕೂತಿಲ್ಲ ಅಥವಾ ಫಾರ್ಮ್ಯಾಟ್ ಆಗಿಲ್ಲ.

ನೋಡಿ, ನಮಗೆ ಬೇಕಿದ್ದ ಉತ್ತರ ಅದೇ! 1982ರಲ್ಲಿ 2 ಕೆಬಿ ಮೆಮೊರಿಯ ಡಬ್ಬಿ ಹೇಳ್ತಿದ್ದದ್ದನ್ನು, ಅದರ ವೇಷ ಹಾಕಿಕೊಂಡಿರೋ ಇವತ್ತಿನ ಲಿನಕ್ಸ್ ಯಂತ್ರ ಹೇಳ್ತಿಲ್ಲ.

ಗೊತ್ತಿಲ್ಲದೇ ಸುಮ್ಮನಿರೋದಾದರೆ ಕ್ಷಮಿಸಬಹುದು. ಆದರೆ ಲಿನಕ್ಸ್ ಒಳಗೆ ಕೆಲಸ ಮಾಡಿದವರಿಗೆ ಗೊತ್ತು, ಕರ್ನೆಲ್ ಇಂಥ ಕಡೆ ಸುಮ್ಮನಿರಲ್ಲ. ಮೌಂಟ್ ಮಾಡೋಕೆ ಹೋಗಿ ಆಗದಿದ್ದರೆ ಒಂದು ಎರರ್ ನಂಬರ್ ವಾಪಸ್ ಕೊಡುತ್ತೆ. ಅದನ್ನು ಕೈಗೆ ತೆಗೆದುಕೊಂಡ ಮೇಲಿನ ಪ್ರೋಗ್ರಾಂ, ಯಾಕೆ ಬೇಕು ರಗಳೆ ಅಂತ ಕಸದಬುಟ್ಟಿಗೆ ಹಾಕಿ ಖಾಲಿ ಪಟ್ಟಿ ತೋರಿಸುತ್ತೆ. ಇಂಥ ಕೋಡ್ ನಾನೂ ಬರೆದಿದ್ದೀನಿ, ಅದಕ್ಕೇ ಇಷ್ಟು ಖಚಿತವಾಗಿ ಹೇಳ್ತಿರೋದು. ಎರರ್ ಹಿಡಿ, ಏನೂ ಮಾಡಬೇಡ, ಮುಂದೆ ಹೋಗು. ಕೋಡ್ ರಿವ್ಯೂನಲ್ಲಿ ಯಾರೂ ಕೇಳಲೂ ಇಲ್ಲ.

ಡಿಸೈನ್ ಮಾಡುವ ಗೆಳೆಯರ ಹತ್ತಿರ ಇದನ್ನು ಎತ್ತಿದರೆ ಒಂದು ವಾದ ಬರುತ್ತೆ, ಜನರಿಗೆ ತಾಂತ್ರಿಕ ವಿಷಯ ಹೇಳಿ ಗಾಬರಿ ಮಾಡಬಾರದು ಅಂತ. ನನಗೆ ಒಪ್ಪಿಗೆ ಇಲ್ಲ. "ಈ ಪೆನ್ ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿದೆ, ನನಗೆ ಫ್ಯಾಟ್32 ಮಾತ್ರ ಗೊತ್ತು" ಅಂತ ಒಂದು ಸಾಲು ಬಂದರೆ ಯಾರು ಗಾಬರಿ ಆಗ್ತಾರೆ? ಅರ್ಥ ಆಗದಿದ್ದರೂ ಆ ಸಾಲನ್ನು ಇನ್ನೊಬ್ಬರಿಗೆ ಓದಿ ಹೇಳಬಹುದು. ಖಾಲಿ ಪಟ್ಟಿಯನ್ನು ಹೇಗೆ ಓದಿ ಹೇಳೋದು? ಹದಿಮೂರು ವರ್ಷದ ಹುಡುಗರು 1986ರಲ್ಲಿ ಟ್ರ್ಯಾಕು ಸೆಕ್ಟರು ನಂಬರ್ ಓದಿಕೊಂಡು ಗಾಬರಿ ಆಗದೇ ಇದ್ದರಲ್ಲ.

ನನ್ನ ಪೆನ್ ಡ್ರೈವಿನ ಕತೆ ಹೇಳೋದು ಮರೆತೆ. ಹೋದ ವರ್ಷ ಅದರ ಮೇಲೆ ಲಿನಕ್ಸ್ ಇನ್‌ಸ್ಟಾಲ್ ಮಾಡುವ ಐಎಸ್ಓ ಬರೆದಿದ್ದೆ. ಆಮೇಲೆ ಹೊಸ ಪಾರ್ಟಿಷನ್ ಮಾಡಿ ಫ್ಯಾಟ್32 ಮಾಡಿಕೊಂಡಿದ್ದೆ, ನನ್ನ ಲ್ಯಾಪ್‌ಟಾಪಿನಲ್ಲಿ ಏನೂ ತೊಂದರೆ ಇಲ್ಲದೆ ನಡೀತಿತ್ತು. ಆದರೆ ಫಾರ್ಮ್ಯಾಟ್ ಅನ್ನೋದು ಪಾರ್ಟಿಷನ್ ಒಳಗೆ ಆಗುವ ಕೆಲಸ. ಐಎಸ್ಓದ ಗುರುತು ಇರೋದು ಡಿಸ್ಕಿನ ಶುರುವಿನಿಂದ 32 ಕೆಬಿ ದೂರದಲ್ಲಿ. ಹೊಸ ಪಾರ್ಟಿಷನ್ ಶುರುವಾಗೋದು ಸಾಮಾನ್ಯವಾಗಿ 1 ಎಂಬಿಯಿಂದ. ನಡುವಿನ ಜಾಗ ಯಾರೂ ಮುಟ್ಟಲ್ಲ, ಹಳೇ ಗುರುತು ಹಾಗೇ ಉಳಿಯುತ್ತೆ. ಬಾಡಿಗೆಯವರು ಬದಲಾದರೂ ಗೇಟಿನ ಮೇಲೆ ಹಳಬರ ಹೆಸರಿನ ಬೋರ್ಡು ನೇತಾಡ್ತಾ ಇರುತ್ತಲ್ಲ, ಹಾಗೆ. ಲ್ಯಾಪ್‌ಟಾಪ್ ಒಳಗೆ ಹೋಗಿ ಕೇಳುತ್ತೆ, ಡಬ್ಬ ಬೋರ್ಡ್ ನೋಡಿ ವಾಪಸ್ ಬರುತ್ತೆ. 'ವೈಪ್‌ಎಫ್‌ಎಸ್' ಅನ್ನೋ ಕಮ್ಯಾಂಡ್ ಕೊಟ್ಟ ಮೇಲೆ ಎರಡೂ ಗುರುತು ಪಕ್ಕಪಕ್ಕ ಕಂಡವು. ಎಲ್ಲಾ ಒರೆಸಿ, ಹಳೇ ಕಾಲದ ಎಂಬಿಆರ್ ಪಾರ್ಟಿಷನ್ ಪಟ್ಟಿ ಹಾಕಿ, ಒಂದೇ ಪಾರ್ಟಿಷನ್, ಫ್ಯಾಟ್32. (ವಿಂಡೋಸ್ ಇದ್ದವರು ಡಿಸ್ಕ್‌ಪಾರ್ಟ್‌ನಲ್ಲಿ 'ಕ್ಲೀನ್' ಕೊಡಬೇಕು, ಆದರೆ ಡಿಸ್ಕ್ ನಂಬರ್ ಮೂರು ಸಲ ನೋಡಿಕೊಂಡು. ಅಲ್ಲಿ ತಪ್ಪಿದರೆ ನಿಮ್ಮ ಹಾರ್ಡ್ ಡಿಸ್ಕೇ ಕ್ಲೀನ್. ಮ್ಯಾಕ್‌ನವರು ಡಿಸ್ಕ್ ಯುಟಿಲಿಟಿಯಲ್ಲಿ ಎಲ್ಲಾ ಡಿವೈಸ್ ತೋರಿಸು ಅಂತ ಹೇಳದಿದ್ದರೆ ಎಂಬಿಆರ್ ಆಯ್ಕೆ ಕಾಣಿಸೋದೇ ಇಲ್ಲ.)

ಹಾಗಾಗಿ ಫಾರ್ಮ್ಯಾಟ್ ಮಾಡಿ ಅನ್ನೋದು ಒಂದು ಕೆಲಸದ ಹೆಸರಲ್ಲ. ಡಿಸ್ಕಿನ ಹಳೇ ಗುರುತು ಒರೆಸೋದು ಬೇರೆ, ಪಾರ್ಟಿಷನ್ ಪಟ್ಟಿ ಬೇರೆ, ಫೈಲ್ ಸಿಸ್ಟಮ್ ಬೇರೆ. ಮೂರರಲ್ಲಿ ಯಾವುದು ಕೆಟ್ಟಿದೆ ಅಂತ ನೋಡದೆ ಹೇಳುವವನು ನಾಡಿ ಹಿಡಿಯದೇ ಮಾತ್ರೆ ಕೊಟ್ಟ ಹಾಗೆ. ಅದೂ ಇದು ಇದ್ದದ್ದನ್ನೆಲ್ಲ ಅಳಿಸಿ ಹಾಕುವ ಮಾತ್ರೆ.

ಈ ಸಲ ಪಟ್ಟಿಯಲ್ಲಿ ಒಂಬತ್ತೂ ಬಂದವು. ಅವರು ಕುರ್ಚಿ ಎಳೆದುಕೊಂಡು ಕೂತರು. ಮೂರನೆಯದನ್ನು ಆರಿಸಿ, ಕೀಬೋರ್ಡ್ ನೋಡದೇ ಲೋಡ್, ಡಾಲರ್ ಗುರುತು, ಕಾಮಾ, ಎಂಟು ಅಂತ ಹೊಡೆದರು. ಆಮೇಲೆ ಲಿಸ್ಟ್.

1541ರಲ್ಲಿ ಫಾರ್ಮ್ಯಾಟ್ ಮಾಡುವಾಗ ಡಿಸ್ಕಿಗೊಂದು ಹೆಸರು, ಎರಡಕ್ಷರದ ಗುರುತು ಕೊಡಬೇಕಿತ್ತಂತೆ. ಲಿಸ್ಟ್ ಹೊಡೆದರೆ ಮೊದಲ ಸಾಲಿನಲ್ಲಿ ಅದೇ ಬರುತ್ತೆ, ಬಣ್ಣ ತಿರುವುಮುರುವು ಮಾಡಿ. ಬಂತು. "ಟಬೆಲ್ಲೆ 86". ಫುಟ್‌ಬಾಲ್ ಲೀಗಿನ ಅಂಕಪಟ್ಟಿ ಲೆಕ್ಕ ಹಾಕೋ ಪ್ರೋಗ್ರಾಂ, ಇವರು ಕೋಡ್ ಬರೀತಿದ್ದರು, ಪ್ರತಿ ಶನಿವಾರ ಸಂಜೆ ರೇಡಿಯೋ ಕೇಳಿಕೊಂಡು ಗೋಲುಗಳನ್ನು ಟೈಪ್ ಮಾಡ್ತಿದ್ದದ್ದು ಇವರ ಅಪ್ಪ. ಆ ಫ್ಲಾಪಿ ಫಾರ್ಮ್ಯಾಟ್ ಮಾಡಿದ್ದೂ ಅವರೇ ಅಂತೆ. ಅವರು ತೀರಿಕೊಂಡು ಆರು ವರ್ಷ ಆಯ್ತು ಅಂದರು.

ಹೆಸರಿನ ಪಕ್ಕದ ಎರಡಕ್ಷರ ಏನು ಅಂತ ಕೇಳಿದೆ. ಒಂದು ಅಪ್ಪನ ಹೆಸರಿನದು, ಇನ್ನೊಂದು ತಮ್ಮದು ಅಂತ ಹೇಳಿ, ರನ್ ಮಾಡದೇ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡ್ತಾ ಕೂತರು. ಊಟದ ಸಮಯ ಮುಗೀತಾ ಬಂದಿತ್ತು, ನಾನು ನನ್ನ ಟೇಬಲ್‌ಗೆ ವಾಪಸ್ ಹೋದೆ.